ಟ್ಯೂಬ್‌ಲೈಟ್ ಬಿಚ್ಚಿಕೊಂಡು ಹೋಗದಂತೆ ಭದ್ರ ಮಾಡುವುದು ಹೆಂಗ? ಗೊತ್ತಿದ್ದವರು ಹೇಳ್ರಿ

ಕೇಳಿದವರು: ಬಾದಾಮಿ ತಾಲ್ಲೂಕು, ಹಳ್ಳಿಯ ಸಮುದಾಯ ಭವನದ ಉಸ್ತುವಾರಿ

ನಮ್ಮೂರ ಸಮುದಾಯ ಭವನದ ವರಾಂಡದಲ್ಲಿ ನಾಲ್ಕು ಫೂಟಿನ 8 ಟ್ಯೂಬ್‌ಲೈಟ್ ಇವೆ. 5 ಹಳೆಯ ತಗಡಿನ ಪಟ್ಟಿಗಳು, ಅವುಗಳಲ್ಲಿ ಈಗ ಎಲ್‌ಇಡಿ ಟ್ಯೂಬ್ ಹಾಕಿದೆ. 1 ಇನ್ನೂ ಚೋಕ್-ಸ್ಟಾರ್ಟರಿನದೇ. ಹಿಂದಿನ ಬದಿಗೆ 2 ಹೊಸ ಎಲ್‌ಇಡಿ ಬ್ಯಾಟನ್ (ಟ್ಯೂಬ್, ಪಟ್ಟಿ ಒಂದೇ ತುಂಡಾಗಿರುವ ದೀಪ). ಎತ್ತರ 9 ಫೂಟು, ಆದರೆ ಕಟ್ಟೆ ಹತ್ತಿ ನಿಂತರೆ ಕೈಗೆ ಸಿಗುತ್ತವೆ. ರಾತ್ರಿ ಟ್ಯೂಬ್ ಬಿಚ್ಚಿಕೊಂಡು ಹೋಗುತ್ತಾರೆ, ಒಮ್ಮೊಮ್ಮೆ ಸ್ಟಾರ್ಟರ್ ಅಷ್ಟೇ ಮಾಯ. ಹಿಂದಿನ ಬದಿಯಲ್ಲಿ ಕಳ್ಳರಿಗಿಂತ ಮಂಗ್ಯಾಗಳ ಕಾಟ ಹೆಚ್ಚು, ಬ್ಯಾಟನ್ ಹಿಡಿದು ಜೋತಾಡಿ ಕಿತ್ತು ಹಾಕುತ್ತವೆ. ಮೇಲೆ ಆರ್‌ಸಿಸಿ ಸ್ಲ್ಯಾಬು, ಗೋಡೆ ಕಲ್ಲಿನದು. ಸುಲಭಕ್ಕೆ ಬಿಚ್ಚಲು ಬಾರದಂತೆ ಏನು ಮಾಡಬೇಕು? ಮಕ್ಕಳು ಆಡುವ ಜಾಗ, ಕರೆಂಟ್ ಹೊಡೆಯುವಂಥ ಉಪಾಯ ಬೇಡ. ಕೆಟ್ಟಾಗ ನಾವು ಬದಲಿಸಲೂ ಬರಬೇಕು.

ನವನಗರ, ಬಾಗಲಕೋಟೆ (ವಾಯರ್‌ಮನ್)

ಅಕ್ಕಾರ, ಟ್ಯೂಬ್‌ಲೈಟಿನ ಹೋಲ್ಡರ್ ಮಾಡಿರೂದ ಕೈಲೆ ಬಿಚ್ಚಾಕ ಬರಲಿ ಅಂತ. ಪಾನಾ ಬ್ಯಾಡ, ಸ್ಕ್ರೂಡ್ರೈವರ್ ಬ್ಯಾಡ. ತಿರುಗೂ ಹೋಲ್ಡರ್ ಇದ್ರ ಟ್ಯೂಬನ್ನ ಕಾಲು ಸುತ್ತು ತಿರುವಿದ್ರ ಪಿನ್ನು ಸಂದಿಯಿಂದ ಜಾರಿ ಹೊರಗ ಬರತೈತಿ. ಸ್ಪ್ರಿಂಗ್ ಹೋಲ್ಡರ್ ಇದ್ರ ಟ್ಯೂಬನ್ನ ಒಂದ್ ಕಡಿಗೆ ಒತ್ತಿ ಇನ್ನೊಂದು ತುದಿ ಕೆಳಗ ಇಳಿಸಿದ್ರ ಮುಗೀತು. ಹಿಂಗಾಗಿ ಹೋಲ್ಡರ್ ಬಿಗಿ ಮಾಡಿ ಕಳವು ತಡಿಯಾಕ ಆಗೂದಿಲ್ಲ. ಟ್ಯೂಬನ್ನ ಪಟ್ಟಿಗೆ ಕಟ್ಟಬೇಕು, ಇಲ್ಲಾ ಪಟ್ಟಿ-ಟ್ಯೂಬ್ ಎರಡನ್ನೂ ಕೂಡಿಸಿ ಮುಚ್ಚಬೇಕು.

ಇವತ್ತ ಸಂಜಿಗೇ ಆಗೂ ಕೆಲಸ ಅಂದ್ರ ಕೇಬಲ್ ಟೈ (ಸುತ್ತಿ ಜಗ್ಗಿ ಬಿಗಿಯೂ ನೈಲಾನ್ ಪಟ್ಟಿ). ನಿಮ್ಮ ಪಟ್ಟಿಗೆ 300 ಎಂಎಂ ಉದ್ದ, 4.8 ಎಂಎಂ ಅಗಲದ್ದು ತರ್ರಿ. 200ರದ್ದು ಪಟ್ಟಿ ಸುತ್ತಿ ಬರಾಕ ಗಿಡ್ಡ ಆಗತೈತಿ. ಬಣ್ಣ ಕಪ್ಪ ಇರಲಿ, ಬಿಸಿಲು ತಡಿಯೂವಂಥಾದ್ದು ಅಂತ ಕೇಳಿ ತಗೋರಿ. ಬಿಳಿ ಟೈ ನಮ್ಮ ಬಿಸಿಲಿಗೆ ಒಣಗಿ ಲಟಕ್ ಅಂತ ಮುರೀತೈತಿ. ಒಂದು ಟ್ಯೂಬಿಗೆ ಎರಡು ಟೈ, ಎರಡೂ ತುದಿಯಿಂದ 10-12 ಸೆಂಟಿಮೀಟರ್ ಒಳಗ. ತೀರಾ ತುದಿಗೆ ಹಾಕಬ್ಯಾಡ್ರಿ: ಚೋಕಿನ ಟ್ಯೂಬಿಗೆ ಫಿಲಮೆಂಟ್ ಇರೂದ ಅಲ್ಲೆ, ಆ ಜಾಗ ಬಿಸಿ ಆಗಿ ನೈಲಾನ್ ಮೆತ್ತಗ ಆಗತೈತಿ.

ಪಟ್ಟಿ ಸ್ಲ್ಯಾಬಿಗೆ ಹತ್ತಿ ಕುಂತಿದ್ರ ಟೈ ಹಿಂದಿನಿಂದ ದಾಟೂದಿಲ್ಲ. ಪಟ್ಟಿಯ ಸ್ಕ್ರೂ ಸಡಿಲ ಮಾಡಿ, ಪಟ್ಟಿಗೂ ಸ್ಲ್ಯಾಬಿಗೂ ನಡುವ ಒಂದೊಂದು ಸ್ಕ್ರೂವಿಗೆ ಬೇಕಾದಷ್ಟು ವಾಶರ್ ಕೊಟ್ಟು ಮತ್ತ ಬಿಗೀರಿ. 4-5 ಎಂಎಂ ಸಂದಿ ಸಿಕ್ಕರ ಸಾಕು. ಟೈದ ತಲಿ ಪಟ್ಟಿಯ ಹಿಂದಕ್ಕ ಬರೂ ಹಂಗ ತಿರುವಿ, ಬಾಲ ತಲಿಗೆ ಹತ್ತಿಸಿ ಕತ್ತರಿಸಿಬಿಡ್ರಿ. ತಲಿ ಮುಂದ ಇದ್ರ ಒಂದು ತೆಳ್ಳನ ಸೂಜಿ ತೂರಿಸಿ ಅದರ ಹಲ್ಲು ಎತ್ತಿ ಟೈ ಸಡಿಲ ಮಾಡಾಕ ಬರತೈತಿ.

ಟೈ ಕೈಯನ್ನ ತಡೀತೈತಿ ಅಷ್ಟ, ಕಟಿಂಗ್ ಪ್ಲೇಯರ್ ತಂದವನ್ನ ತಡಿಯೂದಿಲ್ಲ. ಆದ್ರ ಕಟ್ಟಿ ಹತ್ತಿ ಬರೇ ಕೈಲೆ ಬಿಚ್ಚೂವರು ಅರ್ಧಕ್ಕರ್ಧ ಇಲ್ಲೇ ನಿಲ್ಲತಾರ.

ಮಾಡಬಾರದ್ದು ಮೂರು. ಒಂದು, ಹೋಲ್ಡರಿಗೆ ಎಂ-ಸೀಲ್, ಫೆವಿಕ್ವಿಕ್, ಸಿಲಿಕಾನ್ ಹಚ್ಚೂದು. ಮುಂದ ಟ್ಯೂಬ್ ಕೆಟ್ಟಾಗ ಹೋಲ್ಡರ್ ಒಡದ ಹೊರಗ ಬರತೈತಿ, ವಾಯರ್ ಬರಿದಾಗಿ ಜೋತಾಡತೈತಿ. ಎರಡು, ಬೈಂಡಿಂಗ್ ತಂತಿ ಸುತ್ತಿ ತಿರುವೂದು. ಗಾಜಿನ ಟ್ಯೂಬಿಗೆ ಒಂದ ಗೆರಿ ಮ್ಯಾಲ ಒತ್ತಡ ಬಿದ್ದು ಸೀಳತೈತಿ, ತಂತಿಯ ತುದಿ ಪಿನ್ನಿಗೆ ತಾಗಿದ್ರ ಪಟ್ಟಿಗೆಲ್ಲಾ ಕರೆಂಟು. ಮೂರು, ಕಳ್ಳರಿಗೆ ಶಾಕ್ ಹೊಡೀಲಿ ಅಂತ ಲೈನ್ ಬಿಡೂದು. ಇದನ್ನ ಹೇಳಿಕೊಡೂವರು ಊರಿಗೊಬ್ಬರು ಇರತಾರ, ಅವರ ಮಾತು ಕೇಳಬ್ಯಾಡ್ರಿ. ಜೀವ ಹೋಗತೈತಿ, ಅದು ಅಪರಾಧನೂ ಹೌದು.

ಉದ್ಯಮಬಾಗ, ಬೆಳಗಾವಿ (ತಗಡಿನ ಕೆಲಸ, ಫ್ಯಾಬ್ರಿಕೇಶನ್)

ಕೇಬಲ್ ಟೈ ತಾತ್ಕಾಲಿಕಕ್ಕೆ ಸರಿ. ಖಾಯಂ ಆಗಿ ನಿಲ್ಲಬೇಕೆಂದರೆ ಮೇಲೆ ಪಂಜರ ಕೂರಿಸಬೇಕು. ಅಂಗಡಿಯಲ್ಲಿ ಸಿದ್ಧ ಸಿಗುವ ತೆಳು ತಂತಿಯ ಗಾರ್ಡು ಚೆಂಡು ತಡೆಯಲು ಮಾಡಿದ್ದು, ಕೈಯಿಂದ ಬಗ್ಗಿಸಬಹುದು. ಮಾಡಿಸುವುದಾದರೆ ಅಳತೆ ಹೀಗೆ ಕೊಡಿ.

ಟ್ಯೂಬ್ 1200 ಎಂಎಂ ಉದ್ದ, ಹೋಲ್ಡರ್ ಸೇರಿ ಪಟ್ಟಿ ಅದಕ್ಕಿಂತ ತುಸು ಹೆಚ್ಚು. ಪಂಜರದ ಒಳ ಉದ್ದ 1300, ಒಳ ಅಗಲ 100, ಆಳ 110 ಎಂಎಂ ಇಡಿ. ಟ್ಯೂಬಿಗೂ ಜಾಲರಿಗೂ ನಡುವೆ ಎಲ್ಲ ಕಡೆ ಕನಿಷ್ಠ 30 ಎಂಎಂ ಬಯಲು ಬೇಕು. ಇಲ್ಲದಿದ್ದರೆ ಜಾಲರಿಯನ್ನು ಕೋಲಿನಿಂದ ಕುಟ್ಟಿದಾಗ ಒಳಗೆ ಬಗ್ಗಿ ಟ್ಯೂಬಿಗೆ ಬಡಿಯುತ್ತದೆ. ಜಾಲರಿ 25×25 ಎಂಎಂ ಕಣ್ಣಿನ ವೆಲ್ಡ್ ಮೆಶ್, ತಂತಿ 3 ಎಂಎಂ. ಸುತ್ತಲಿನ ಚೌಕಟ್ಟಿಗೆ 20×20×3 ಎಂಎಂ ಆಂಗಲ್. ಕಣ್ಣು 50 ಎಂಎಂ ಆದರೆ ಮಕ್ಕಳ ಕೈ ಒಳಗೆ ಹೋಗುತ್ತದೆ, 12 ಎಂಎಂ ಆದರೆ ಬೆಳಕು ಕಡಿಮೆಯಾಗಿ ಧೂಳೂ ಜೇಡರ ಬಲೆಯೂ ತುಂಬಿಕೊಳ್ಳುತ್ತವೆ.

ಈಗ ಮುಖ್ಯ ವಿಷಯ. ಪಂಜರವನ್ನು ಪಟ್ಟಿಗೆ ಸ್ಕ್ರೂ ಮಾಡಬೇಡಿ, ಸ್ಲ್ಯಾಬಿಗೇ ಕೂರಿಸಿ. ಪಟ್ಟಿ ನಿಂತಿರುವುದು ಎರಡು ಪ್ಲಾಸ್ಟಿಕ್ ಪ್ಲಗ್‌ಗಳ ಮೇಲೆ. ಪಂಜರ ಹಿಡಿದು ಯಾರಾದರೂ ಜಗ್ಗಿದರೆ ಪಟ್ಟಿ ಸಮೇತ ಕಿತ್ತು ಬಂದು ವಾಯರ್ ಹರಿಯುತ್ತದೆ, ಹರಿದ ತುದಿ ನೆತ್ತಿಯ ಮೇಲೆ ನೇತಾಡುತ್ತದೆ. ಸ್ಲ್ಯಾಬಿಗೆ ಎಂ6 ಬೋಲ್ಟಿನ ಸ್ಲೀವ್ ಆಂಕರ್ (ಬಿಗಿದಾಗ ತೂತಿನೊಳಗೆ ಹಿಗ್ಗಿ ಹಿಡಿಯುವ ಬೋಲ್ಟು), ಒಂದು ಪಂಜರಕ್ಕೆ 4. ಸಾಮಾನ್ಯವಾಗಿ 8 ಎಂಎಂ ಬಿಟ್ ಬೇಕು, ಕೊಳ್ಳುವಾಗ ಪೊಟ್ಟಣದ ಮೇಲಿನ ಅಳತೆ ನೋಡಿ. ಗಿಲಾವ್ 10-12 ಎಂಎಂ ಇರುತ್ತದೆ, ಅದಕ್ಕೆ ಹಿಡಿತವಿಲ್ಲ. ಆಂಕರ್ ಅದನ್ನು ದಾಟಿ ಕಾಂಕ್ರೀಟಿನೊಳಗೆ 35-40 ಎಂಎಂ ಹೋಗಬೇಕು, ಹಾಗಾಗಿ 60 ಎಂಎಂಗಿಂತ ಗಿಡ್ಡದ್ದು ತರಬೇಡಿ. ತೂತು ಕೊರೆದ ಮೇಲೆ ಒಳಗಿನ ಪುಡಿಯನ್ನು ಊದಿ ತೆಗೆಯಿರಿ. ಪುಡಿ ಉಳಿದರೆ ಸ್ಲೀವ್ ಗೋಡೆಗೆ ಹಿಡಿಯದೆ ತೂತಿನಲ್ಲೇ ಸುತ್ತುತ್ತದೆ. ಬಿಟ್ ಕಬ್ಬಿಣಕ್ಕೆ ತಾಗಿದರೆ ಒತ್ತಬೇಡಿ, 30 ಎಂಎಂ ಪಕ್ಕಕ್ಕೆ ಸರಿದು ಬೇರೆ ತೂತು ಹಾಕಿ. ಚೌಕಟ್ಟಿನಲ್ಲಿ ಗುಂಡು ತೂತಿನ ಬದಲು 8×40 ಎಂಎಂ ಉದ್ದ ಸೀಳು ಮಾಡಿಸಿದ್ದರೆ ಆಗ ಪರದಾಟವಿಲ್ಲ.

ಕೊರೆಯುವ ಮೊದಲು ಇನ್ನೊಂದು: ಸ್ಲ್ಯಾಬಿನೊಳಗೆ ವಾಯರಿನ ಪೈಪು ಹೋಗಿರುತ್ತದೆ. ಪಟ್ಟಿಯ ವಾಯರ್ ಹೊರಬರುವ ಬಿಂದುವಿನಿಂದ ಹತ್ತಿರದ ಫ್ಯಾನ್ ಬಾಕ್ಸಿನ ಕಡೆಗೂ ಸ್ವಿಚ್ ಬೋರ್ಡಿನ ಕಡೆಗೂ ನೇರ ಗೆರೆ ಊಹಿಸಿಕೊಂಡು, ಆ ಗೆರೆಗಳ ಎರಡೂ ಬದಿಗೆ ಒಂದು ಗೇಣು ಬಿಡಿ.

ಬನಹಟ್ಟಿ (ಪವರ್‌ಲೂಮ್ ಶೆಡ್ಡಿನ ಮೆಂಟೆನನ್ಸ್)

ಜಾಲರಿ ಎಲ್ಲಾ ಕಡೆ ಹಾಕ್ರಿ ಅಂತ ಓದಿದವರು ತಿಳ್ಕೊಬಾರದು ಅಂತ ಬರೀತೀನಿ. ರಬಕವಿ-ಬನಹಟ್ಟಿಯಂಥ ಮಗ್ಗದ ಶೆಡ್ಡಿನಾಗ ಕಳವು ಮುಖ್ಯ ಅಲ್ಲ, ಮಗ್ಗದ ಅದರಿಕಿಗೆ ಟ್ಯೂಬ್ ತಾನ ಸರದು ಪಿನ್ನು ಸಡಿಲ ಆಗತೈತಿ. ಪಿನ್ನು ಸಡಿಲ ಆದ್ರ ಕಿಡಿ, ಕಿಡಿಯಿಂದ ಹೋಲ್ಡರ್ ಕರ್ರಗಾಗಿ ಸುಡತೈತಿ. ಅಂಥಲ್ಲೆ ಜಾಲರಿ ಹಾಕಿದ್ರ ನೂಲಿನ ಅಳ್ಳಿ ಅದಕ್ಕ ಹತ್ತಿಕೊಂಡು ದಪ್ಪ ಆಗತೈತಿ, ಕಿಡಿ ಬಿದ್ರ ಬೆಂಕಿ. ಅಲ್ಲೆ ಐಪಿ65 ಅಂದ್ರ ಧೂಳು-ನೀರು ಒಳಗ ಹೋಗದಂಗ ಮುಚ್ಚಿದ ಫಿಟ್ಟಿಂಗೇ ಬೇಕು, ಜಾಲರಿ ಬ್ಯಾಡ. ಹಳೇ ಪಟ್ಟಿಯೇ ಇದ್ರ ತಿರುಗೂ ಹೋಲ್ಡರ್, ಎರಡು ಟೈ, ಪಟ್ಟಿಗೂ ಮಾಳಗಿಗೂ ನಡುವ 5 ಎಂಎಂ ರಬ್ಬರ್ ವಾಶರ್. ಕರ್ರಗಾದ ಹೋಲ್ಡರನ್ನ ಒರಿಸಿ ಮತ್ತ ಹಾಕಬ್ಯಾಡ್ರಿ, ಅದರ ಸ್ಪ್ರಿಂಗ್ ಕಸುವು ಹೋಗಿರತೈತಿ. ಬದಲಿಸ್ರಿ.

ವಿಜಯಪುರ (ಶಾಲಾ ಕಟ್ಟಡಗಳ ವಿದ್ಯುತ್ ಕೆಲಸ)

ಪಂಜರದ ಬಗ್ಗೆ ಹೇಳಿದವರು ಅರ್ಥಿಂಗ್ ವಿಷಯ ಬಿಟ್ಟಿದ್ದಾರೆ, ಅದನ್ನು ಮೊದಲು ಸೇರಿಸುತ್ತೇನೆ. ಕೈಗೆ ಸಿಗುವ ಎತ್ತರದಲ್ಲಿ ಲೋಹದ ಪಂಜರ ಇಟ್ಟ ಮೇಲೆ ಅದು ಅರ್ಥ್ ಆಗಿರಲೇಬೇಕು. 1.5 ಚದರ ಎಂಎಂ ಹಸಿರು ವಾಯರಿಗೆ ರಿಂಗ್ ಲಗ್ (ಉಂಗುರದಂಥ ಲೋಹದ ತುದಿ) ಒತ್ತಿ, ಹಲ್ಲಿನ ವಾಶರ್ ಹಾಕಿ ಚೌಕಟ್ಟಿಗೆ ಬಿಗಿಯಿರಿ. ಲಗ್ ಕೂರುವ ಜಾಗದಲ್ಲಿ ಬಣ್ಣವನ್ನು ಕೆರೆದು ಹೊಳೆಯುವ ಕಬ್ಬಿಣ ಕಾಣಿಸಬೇಕು. ಪೌಡರ್ ಕೋಟಿಂಗ್ ಮೇಲೆ ಬಿಗಿದ ಲಗ್ಗು ನೋಡಲು ಗಟ್ಟಿ, ಒಳಗೆ ಸಂಪರ್ಕವೇ ಇಲ್ಲ. ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಸುತ್ತ ಗ್ರೀಸ್ ಹಚ್ಚಿ. ತೆರೆಯುವ ಬಾಗಿಲು ಇದ್ದರೆ ಕೀಲಿನ ಮೇಲೆ ಭರವಸೆ ಬೇಡ, ಬಾಗಿಲಿನಿಂದ ಚೌಕಟ್ಟಿಗೆ ಮೆತ್ತನೆಯ ವಾಯರಿನ ತುಂಡು ಕೊಡಿ. ಕೊನೆಗೆ ಮೇನ್ ಬಂದ್ ಮಾಡಿ ಮಲ್ಟಿಮೀಟರಿನಲ್ಲಿ ಪಂಜರಕ್ಕೂ ಬೋರ್ಡಿನ ಅರ್ಥ್ ಪಿನ್ನಿಗೂ ನಡುವೆ ನೋಡಿ, 1 ಓಮಿಗಿಂತ ಕಡಿಮೆ ಬರಬೇಕು. ಆ ಸರ್ಕೀಟಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚು) ಇಲ್ಲದಿದ್ದರೆ ಪಂಜರಕ್ಕಿಂತ ಮೊದಲು ಅದನ್ನೇ ಹಾಕಿಸಿ.

ಎಲ್‌ಇಡಿ ಟ್ಯೂಬಿನ ಬಗ್ಗೆ ಎಚ್ಚರ. ಎರಡು ತರಹ ಇವೆ. ಒಂದರಲ್ಲಿ ಲೈನ್ ಒಂದು ತುದಿಗೆ, ನ್ಯೂಟ್ರಲ್ ಇನ್ನೊಂದು ತುದಿಗೆ. ಈ ತರಹದ ಟ್ಯೂಬಿನ ಒಂದು ತುದಿ ಹೋಲ್ಡರಿನಲ್ಲಿ ಉಳಿದು ಇನ್ನೊಂದು ಕೈಯಲ್ಲಿದ್ದರೆ, ಒಳಗಿನ ಸರ್ಕೀಟಿನ ಮೂಲಕ ಕೈಯಲ್ಲಿರುವ ಪಿನ್ನಿಗೂ ಕರೆಂಟು ಬರಬಹುದು. ಬಿಚ್ಚಲು ಹೋದ ಹುಡುಗನಿಗೂ ಅಪಾಯ, ಬದಲಿಸುವ ನಿಮಗೂ ಅಪಾಯ. ಇನ್ನೊಂದರಲ್ಲಿ ಲೈನ್-ನ್ಯೂಟ್ರಲ್ ಎರಡೂ ಒಂದೇ ತುದಿಗೆ, ಆ ತುದಿಯ ಮೇಲೆ ಗುರುತು ಇರುತ್ತದೆ, ಮತ್ತೊಂದು ತುದಿ ಬರೀ ಆಧಾರಕ್ಕೆ. ಸಾರ್ವಜನಿಕ ಜಾಗಕ್ಕೆ ಈ ಎರಡನೆಯದೇ ಸರಿ. 5 ಪಟ್ಟಿಗಳನ್ನೂ ಹಾಗೆ ಬದಲಿಸಿ: ಚೋಕ್ ತೆಗೆಯಿರಿ, ಸ್ಟಾರ್ಟರ್ ಹೋಲ್ಡರ್ ತೆಗೆಯಿರಿ, ಆಧಾರದ ತುದಿಯ ಹೋಲ್ಡರಿಗೆ ಬರುವ ವಾಯರ್ ಪೂರ್ತಿ ತೆಗೆದುಹಾಕಿ. ಸ್ಟಾರ್ಟರ್ ಕಳವಿನ ಪ್ರಶ್ನೆಯೂ ಅಲ್ಲಿಗೆ ತೀರಿತು.

ಹಾಗೆ ಮಾಡಿದ ಪಟ್ಟಿಯ ಮೇಲೆ ಅಳಿಸದ ಬಣ್ಣದಲ್ಲಿ ‘ಒಂದೇ ತುದಿಯ ಎಲ್‌ಇಡಿ ಮಾತ್ರ’ ಎಂದು ಬರೆಸಿ, ಕರೆಂಟಿನ ತುದಿಗೆ ಬಾಣದ ಗುರುತು ಹಾಕಿ. ನಾಳೆ ಯಾರೋ ಅದೇ ಪಟ್ಟಿಗೆ ಹಳೆಯ ಗಾಜಿನ ಟ್ಯೂಬ್ ಹಾಕಿದರೆ ಫಿಲಮೆಂಟಿಗೆ ನೇರ 230 ವೋಲ್ಟ್ ಬಿದ್ದು ಕ್ಷಣದಲ್ಲಿ ಸುಡುತ್ತದೆ. ಪಿನ್ನುಗಳು ಒಳಗೇ ಕೂಡಿಕೊಂಡಿರುವ ಎರಡು ತುದಿಯ ಎಲ್‌ಇಡಿ ಹಾಕಿದರೆ ನೇರ ಶಾರ್ಟು.

ಟ್ಯೂಬ್ ಕಳುವಾದ ಹೋಲ್ಡರ್ ಖಾಲಿ ಬಿದ್ದಿದ್ದರೆ ಅದರ ಸಂದಿಯಲ್ಲಿ ಕರೆಂಟು ಇದೆ ಎಂದೇ ತಿಳಿಯಬೇಕು. ಹೊಸ ಟ್ಯೂಬ್ ಬರುವ ತನಕ ಆ ಪಾಯಿಂಟಿನ ಲೈನ್ ಬಿಡಿಸಿ ಕನೆಕ್ಟರಿನಲ್ಲಿ ಮುಚ್ಚಿಡಿ. ಸ್ವಿಚ್ ಆಫ್ ಇದೆ ಎಂಬ ಧೈರ್ಯ ಬೇಡ, ಎಷ್ಟೋ ಹಳೆಯ ಕಟ್ಟಡಗಳಲ್ಲಿ ಸ್ವಿಚ್ಚು ನ್ಯೂಟ್ರಲ್ಲಿಗೆ ಬಿದ್ದಿರುತ್ತದೆ.

ಬಾದಾಮಿ (ಅಂಗಡಿ ಸಾಲಿನ ವಾಯರಿಂಗ್)

ಮಂಗ್ಯಾಗಳ ವಿಷಯ ನಾನು ಹೇಳತೀನಿ ಅಕ್ಕಾರ. ಮಂಗ್ಯಾ ಟ್ಯೂಬ್ ಬೇಕಂತ ಬರೂದಿಲ್ಲ, ಹಿಡಕೊಳ್ಳಾಕ ಒಂದು ಹಿಡಿ ಬೇಕಂತ ಬರತೈತಿ. ಸ್ಲ್ಯಾಬಿನಿಂದ ಬ್ಯಾಟನ್ನಿಗೆ ಜೋತುಬಿದ್ದ ವಾಯರ್ ಐತಲ್ಲ, ಅದ ಮೊದಲ ಹಿಡಿ. ಬ್ಯಾಟನ್ನಿಗೂ ಗೋಡಿಗೂ ನಡುವಿನ ಸಂದಿ ಎರಡನೇದು. ಇವೆರಡನ್ನ ಇಲ್ಲದಂಗ ಮಾಡಿದ್ರ ಅರ್ಧ ಕಾಟ ಕಡಿಮಿ.

ವಾಯರ್ ಹೊರಗ ಕಾಣಬಾರದು. 20 ಎಂಎಂ ವ್ಯಾಸದ, ಗಟ್ಟಿ ಮೈಯ ಪೈಪಿನಾಗ ತಂದು ಫಿಟ್ಟಿಂಗಿನ ಹಿಂದಿನ ತೂತಿನಿಂದನ ಒಳಗ ಕೊಡ್ರಿ. ಪೈಪಿಗೆ ಕ್ಲ್ಯಾಂಪ್ ಬೇರೆ ಕಡೆ ಎರಡು ಫೂಟಿಗೊಂದು ಹಾಕತಾರ, ಮಂಗ್ಯಾ ಇರೂ ಕಡೆ ಒಂದು ಫೂಟಿಗೊಂದು ಲೋಹದ್ದು ಹಾಕ್ರಿ. ಪೈಪು ಗೋಡಿಗೆ ಪೂರ್ತಿ ಹತ್ತಿರಬೇಕು. ಬೆರಳು ಹೋಗೂವಷ್ಟು ಸಂದಿ ಇದ್ರ ಜಗ್ಗೇ ಜಗ್ಗತಾವು.

ಹಿಂದಿನ ಬದಿಗೆ ಬ್ಯಾಟನ್ ಯಾಕ ಬೇಕ್ರಿ? ಅಲ್ಲೆ ಗುಂಡನ ಬಲ್ಕ್‌ಹೆಡ್ ಅಂದ್ರ ಗೋಡಿಗೆ ಹತ್ತಿ ಕೂರೂ ಮುಚ್ಚಿದ ದೀಪ ಹಾಕ್ರಿ, ಪಾಲಿಕಾರ್ಬೊನೇಟಿಂದು (ಗಟ್ಟಿ ಪ್ಲಾಸ್ಟಿಕ್), 12 ಇಲ್ಲಾ 15 ವ್ಯಾಟ್. ಡಬ್ಬಿ ಮ್ಯಾಲ ಐಪಿ65 ಜೊತಿಗೆ ಐಕೆ10 ಅಂತ ಬರದಿರಬೇಕು. ಐಕೆ10 ಅಂದ್ರ 20 ಜೂಲ್ ಪೆಟ್ಟು ತಡೀತೈತಿ, ಐಕೆ08 ಅಂದ್ರ 5 ಜೂಲ್ ಅಷ್ಟ. ಮಂಗ್ಯಾನ ಕೈಗೆ ಹಿಡಿ ಸಿಗದ ಆಕಾರ ಅದು, ಜಾರತಾವು. ಮೂಲ್ಯಾಗ, ತೊಲಿಯ ಬಗಲಿಗೆ ಕುಂದ್ರಿಸಿದ್ರ ಇನ್ನೂ ಚಲೋ.

ನಮ್ಮ ಕಡೆ ಕೆಂಪು ಮರಳುಗಲ್ಲಿನ ಗೋಡಿಗೆ ತೂತು ಹಾಕೂವಾಗ ಹ್ಯಾಮರ್ ಬಂದ್ ಮಾಡಿ ಶುರು ಮಾಡ್ರಿ. ಮೊದಲ 6 ಎಂಎಂ, ಆಮ್ಯಾಲ 8. ಶುರುವಿಗೇ ಹ್ಯಾಮರ್ ಹೊಡದ್ರ ಕಲ್ಲು ಪದರ ಪದರ ಎದ್ದು ಬರತೈತಿ. ಕಲ್ಲಿನ ಅಂಚಿನಿಂದ ಕನಿಷ್ಠ 75 ಎಂಎಂ ಒಳಗ ಇರಬೇಕು, ಅಂಚಿಗೆ ಸ್ಲೀವ್ ಆಂಕರ್ ಬಿಗಿದ್ರ ಹಿಗ್ಗಿ ಮೂಲಿ ಸೀಳತೈತಿ. ಎರಡು ಕಲ್ಲಿನ ನಡುವಿನ ಸುಣ್ಣದ ಸಂದಿನಾಗ ಯಾವ ಆಂಕರೂ ನಿಲ್ಲೂದಿಲ್ಲ.

ಕೇಳಿದವರು

ಎಲ್ಲರಿಗೂ ಶರಣು. ಎರಡು ಪ್ರಶ್ನೆ ಉಳಿದಿವೆ. ಹಿಂದಿನ ಆ ಎರಡು ಬ್ಯಾಟನ್ ಹೊಸವು, ಅವನ್ನು ಮುಂದಿನ ವರಾಂಡಕ್ಕೆ ತಂದರೆ ಅಲ್ಲಿ ಹೇಗೆ ಭದ್ರ ಮಾಡಲಿ? ಪಂಜರಕ್ಕೆ ಬೀಗ ಹಾಕುವುದೋ ಸ್ಕ್ರೂ ಹಾಕುವುದೋ?

ವಿಜಯಪುರ (ಶಾಲಾ ಕಟ್ಟಡಗಳ ವಿದ್ಯುತ್ ಕೆಲಸ)

ಬ್ಯಾಟನ್ನಿನಲ್ಲಿ ಟ್ಯೂಬ್ ಬೇರೆ ಬಿಚ್ಚಲು ಬರುವುದಿಲ್ಲ, ಅದು ಒಳ್ಳೆಯದು. ಅದರ ದುರ್ಬಲ ಜಾಗ ಹಿಂದಿನ ಎರಡು ಸ್ಪ್ರಿಂಗ್ ಕ್ಲಿಪ್ಪು. ಕೆಳಗೆ ಜಗ್ಗಿದರೆ ಪಟ್ ಎಂದು ಪೂರ್ತಿ ಬ್ಯಾಟನ್ ಕೈಗೆ ಬರುತ್ತದೆ. ಕ್ಲಿಪ್ಪಿನ ಮೇಲೆ ಕೂರಿಸಿ, ಆಮೇಲೆ ಎರಡು ಕಡೆ 12 ಎಂಎಂ ಅಗಲದ ಸ್ಟೀಲ್ ಪಟ್ಟಿಯನ್ನು ಬ್ಯಾಟನ್ನಿನ ಮೈಗೆ ತಕ್ಕಂತೆ ಬಗ್ಗಿಸಿ ಮೇಲಿನಿಂದ ಹಾಸಿ, ಎರಡೂ ಕಿವಿಗಳನ್ನು ಸ್ಲ್ಯಾಬಿಗೆ ಬಿಗಿಯಿರಿ. ಪಟ್ಟಿಯ ಒಳಬದಿಗೆ ತೆಳು ರಬ್ಬರ್ ಅಂಟಿಸಿದರೆ ಬ್ಯಾಟನ್ನಿನ ಮುಚ್ಚಳ ಗೀರು ಬೀಳದು. ತುದಿಯಿಂದ 15 ಸೆಂಟಿಮೀಟರ್ ಒಳಗೆ ಇದ್ದರೆ ನೆರಳು ಕಣ್ಣಿಗೆ ಬೀಳುವುದಿಲ್ಲ.

ಬ್ಯಾಟನ್ನಿನ ಮೈಗೆ ತೂತು ಕೊರೆದು ನೇರ ಸ್ಕ್ರೂ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ. ಒಳಗೆ ಎಲ್‌ಇಡಿ ಅಂಟಿಸಿದ ಅಲ್ಯೂಮಿನಿಯಂ ಹಲಗೆ, ಡ್ರೈವರು (ಎಲ್‌ಇಡಿಗೆ ಕರೆಂಟು ಹದಮಾಡಿ ಕೊಡುವ ಸರ್ಕೀಟು), ಅದರ ವಾಯರು ಇಷ್ಟಿಷ್ಟೇ ಜಾಗದಲ್ಲಿ ಇರುತ್ತವೆ. ಸ್ಕ್ರೂ ಒಂದಕ್ಕೆ ತಾಗಿದರೂ ಬ್ಯಾಟನ್ನಿನ ಲೋಹದ ಮೈ ಪೂರ್ತಿ ಲೈವ್ ಆಗಬಹುದು, ಎಷ್ಟೋ ಬ್ಯಾಟನ್ನುಗಳಿಗೆ ಅರ್ಥ್ ತಂತಿಯೇ ಇರುವುದಿಲ್ಲ.

ಭದ್ರತೆಯ ಹೆಸರಲ್ಲಿ ನಾಲ್ಕೂ ಕಡೆ ತಗಡಿನ ಪೆಟ್ಟಿಗೆ ಮಾಡಿ ಮುಚ್ಚುವುದೂ ಬೇಡ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಮೇಲೆ ಕಾದ ಸ್ಲ್ಯಾಬು. ಎಲ್‌ಇಡಿಯಲ್ಲಿ ಮೊದಲು ಸಾಯುವುದು ಡ್ರೈವರಿನ ಕೆಪಾಸಿಟರು, ಅದನ್ನು ಕೊಲ್ಲುವುದು ಬಿಸಿ. ಬ್ಯಾಟನ್ನಿಗೂ ಸ್ಲ್ಯಾಬಿಗೂ ನಡುವೆ 10 ಎಂಎಂ ಗಾಳಿ ಆಡಲಿ. ಮುಂದೆ ಹೊಸದು ಕೊಳ್ಳುವಾಗ ನಾಲ್ಕು ಫೂಟಿನ ಐಪಿ65 ಫಿಟ್ಟಿಂಗೇ ಕೊಳ್ಳಿ. ಅದರ ಸ್ಟೀಲ್ ಕ್ಲಿಪ್ಪುಗಳಲ್ಲಿ ಕೆಲವಕ್ಕೆ ಸಣ್ಣ ಸ್ಕ್ರೂ ಹಾಕುವ ತೂತು ಇರುತ್ತದೆ, ಅಂಥದ್ದನ್ನೇ ಆರಿಸಿ. ಸ್ಕ್ರೂ ಹಾಕಿದ ಮೇಲೆ ಕ್ಲಿಪ್ ಎತ್ತಲು ಬರುವುದಿಲ್ಲ.

ಉದ್ಯಮಬಾಗ, ಬೆಳಗಾವಿ (ತಗಡಿನ ಕೆಲಸ, ಫ್ಯಾಬ್ರಿಕೇಶನ್)

ಬೀಗ ಬೇಡ ಎನ್ನುವುದು ನನ್ನ ಅಭಿಪ್ರಾಯ. ಬೆಳಗಾವಿಯ ಮಳೆಗೆ ಸಣ್ಣ ಬೀಗ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿದು ಕೂರುತ್ತದೆ. ನಿಮ್ಮ ಕಡೆ ಮಳೆ ಕಡಿಮೆ, ಆದರೆ ಧೂಳು ಕೀಲಿಯ ತೂತು ತುಂಬುತ್ತದೆ. ಬೀಗವೇ ಕದಿಯಲು ಯೋಗ್ಯ ವಸ್ತು ಬೇರೆ.

ಸ್ಕ್ರೂಗಳಲ್ಲಿ ಪ್ಲಸ್, ಮೈನಸ್, ಅಲೆನ್ ಮೂರೂ ಉಪಯೋಗವಿಲ್ಲ, ಅಲೆನ್ ಕೀ ಪ್ರತಿ ಗ್ಯಾರೇಜಿನ ಹುಡುಗನ ಜೇಬಿನಲ್ಲಿ ಇರುತ್ತದೆ. ಆರು ಮೂಲೆಯ ನಕ್ಷತ್ರದ ತಲೆ, ನಡುವೆ ಸಣ್ಣ ಮೊಳಕೆ ಇರುವ ಟಾರ್ಕ್ಸ್ ಸ್ಕ್ರೂ ತನ್ನಿ. ನಡುವಿನ ಮೊಳಕೆಯಿಂದಾಗಿ ಸಾಮಾನ್ಯ ಟಾರ್ಕ್ಸ್ ಬಿಟ್ ಒಳಗೆ ಇಳಿಯುವುದಿಲ್ಲ, ತುದಿಗೆ ತೂತಿರುವ ಬಿಟ್ಟೇ ಬೇಕು. ಎಂ4 ಸ್ಕ್ರೂವಿಗೆ ಟಿ20, ಎಂ5ಕ್ಕೆ ಟಿ25, ಎಂ6ಕ್ಕೆ ಟಿ30 ಬಿಟ್. ಎಲ್ಲ ಪಂಜರಕ್ಕೂ ಒಂದೇ ಅಳತೆ ಇರಲಿ. ಬಿಟ್ ಎರಡು ತಂದು, ಒಂದನ್ನು ಎಂಸಿಬಿ ಬಾಕ್ಸಿನ ಒಳಗೆ ಸರಪಳಿ ಹಾಕಿ ಕಟ್ಟಿ, ಇನ್ನೊಂದು ನಿಮ್ಮ ಮನೆಯಲ್ಲಿರಲಿ. ಬಿಟ್ ಕಳೆದರೆ ನಿಮ್ಮ ಪಂಜರ ನಿಮಗೇ ತೆಗೆಯಲು ಬರದು. ಈ ಬಿಟ್ ಕೊಂಡು ತರುವ ಕಳ್ಳನೂ ಇರಬಹುದು, ಆದರೆ ಒಂದು ಟ್ಯೂಬಿಗಾಗಿ ಅಷ್ಟು ತಯಾರಿ ಮಾಡುವವರು ವಿರಳ.

ಒಮ್ಮೆ ಬಿಗಿದರೆ ಬಿಚ್ಚಲು ಬಾರದ ಒನ್-ವೇ ಸ್ಕ್ರೂ, ಬಿಗಿದಾಗ ತಲೆ ಮುರಿದು ಬೀಳುವ ಶಿಯರ್ ನಟ್ಟು, ಇವನ್ನು ಚೌಕಟ್ಟನ್ನು ಸ್ಲ್ಯಾಬಿಗೆ ಕೂರಿಸುವ ಆಂಕರಿಗೆ ಹಾಕಿ. ಬಾಗಿಲಿಗೆ ಹಾಕಬೇಡಿ. ಚೌಕಟ್ಟು ಖಾಯಂ, ಬಾಗಿಲು ನಾವು ತೆರೆಯುವಂಥದ್ದು. ಟಾರ್ಕ್ಸ್ ಸಿಗದಿದ್ದರೆ ಬಾಗಿಲಿಗೆ 4 ಎಂಎಂ ಪಾಪ್ ರಿವೆಟ್ ಎರಡು ಹೊಡೆಯಿರಿ. ತೆಗೆಯುವಾಗ 4 ಎಂಎಂ ಬಿಟ್ಟಿನಲ್ಲಿ ಅದರ ತಲೆ ಕೊರೆದರೆ ಬಿದ್ದುಹೋಗುತ್ತದೆ, ಟ್ಯೂಬ್ ಬದಲಿಸಿ ಹೊಸ ರಿವೆಟ್ ಹೊಡೆದರಾಯಿತು. ಎಲ್‌ಇಡಿ ಟ್ಯೂಬನ್ನು ಪದೇ ಪದೇ ಬದಲಿಸುವ ಪ್ರಸಂಗ ಬರುವುದಿಲ್ಲ, ಆದ್ದರಿಂದ ಇದು ನಡೆಯುತ್ತದೆ. ಬಾಗಿಲಿನ ಕೀಲುಗಳು ಮಾತ್ರ ಒಳಬದಿಗೆ ಇರಲಿ. ಹೊರಗೆ ಕಾಣುವ ಕೀಲಿನ ಸಳಿಯನ್ನು ಒಂದು ಮೊಳೆಯಿಂದ ಹೊಡೆದು ಹೊರಗೆ ತೆಗೆಯಬಹುದು. ಬಲವಾದ ಸ್ಕ್ರೂ ಹಾಕಿ ಕೀಲು ಮರೆತ ಪಂಜರಗಳು ಸಾಕಷ್ಟು ಕಡೆ ಕಾಣುತ್ತವೆ.

ನವನಗರ, ಬಾಗಲಕೋಟೆ (ವಾಯರ್‌ಮನ್)

ಬೆಳಗಾವಿ ಅಣ್ಣಾರು ಹೇಳಿದ್ದು ಸರಿ ಐತಿ. ಒಟ್ಟು ಸಾಮಾನು ನಾ ಕೂಡಿಸಿ ಕೊಡತೀನಿ, ಅಂಗಡಿಗೆ ಹೋಗಾಕ ಹಗುರ ಆಗತೈತಿ. ಮುಂದ 6 ಹಳೇ ಪಾಯಿಂಟಿಗೆ 6 ಪಂಜರ. ಚೋಕಿನ ಒಂದನ್ನೂ ಈಗ ಎಲ್‌ಇಡಿಗೆ ಬದಲಿಸಿಬಿಡ್ರಿ. ಹಿಂದಿನ 2 ಬ್ಯಾಟನ್ ಮುಂದ ಬರತಾವು, ಅವಕ್ಕ ಸ್ಟೀಲ್ ಪಟ್ಟಿ. ಹಿಂದ 2 ಬಲ್ಕ್‌ಹೆಡ್.

ಪಂಜರಕ್ಕ ತಲಾ 4ರಂತೆ 24 ಸ್ಲೀವ್ ಆಂಕರ್, ಸ್ಟೀಲ್ ಪಟ್ಟಿಗೆ ಬ್ಯಾಟನ್ ಒಂದಕ್ಕ 4ರಂತೆ 8, ಕೈತಪ್ಪಿಗೆ 4, ಒಟ್ಟ 36 ತರ್ರಿ. ಬಲ್ಕ್‌ಹೆಡ್ಡಿಗೆ ಅದರ ಡಬ್ಬಿನಾಗ ಬರೂ ಗಿಡ್ಡ ಸ್ಕ್ರೂ ಬಿಟ್ಟು 50 ಎಂಎಂ ಸ್ಕ್ರೂ, 8 ಎಂಎಂ ಪ್ಲಗ್ ಹಾಕ್ರಿ. ರಿಂಗ್ ಲಗ್ ಪಂಜರಕ್ಕ 1, ಬಾಗಿಲ ಜೋಡಣಿಗೆ 2, ಅಂದ್ರ 18, ಜೊತಿಗೆ ಅಷ್ಟ ಹಲ್ಲಿನ ವಾಶರ್. ಟಾರ್ಕ್ಸ್ ಸ್ಕ್ರೂ ಎಂ5, ಬಾಗಿಲಿಗೆ 2ರಂತೆ 12, ಟಿ25 ತೂತಿನ ಬಿಟ್ 2. ಪಂಜರ ಸಿದ್ಧ ಆಗೂ ತನಕ ಇವತ್ತ ಹಾಕಾಕ ಕಪ್ಪ ಕೇಬಲ್ ಟೈ ಪಟ್ಟಿಗೆ 2ರಂತೆ 12. ಪಂಜರ ಬಂದ ಮ್ಯಾಲೂ ಟೈ ಒಳಗ ಹಂಗ ಇರಲಿ, ತೊಂದ್ರಿ ಇಲ್ಲ.

ಕೆಲಸ ಹಗಲಿನಾಗ ಮಾಡ್ರಿ, ಎಂಸಿಬಿ ಇಳಿಸಿ ಅದರ ಮ್ಯಾಲ ಚೀಟಿ ಹಚ್ಚಿ. ಟೆಸ್ಟರ್ ಮೊದಲ ಉರಿಯೂ ಪಾಯಿಂಟಿನಾಗ ನೋಡಿ, ಆಮ್ಯಾಲ ಕೆಲಸದ ಪಾಯಿಂಟಿನಾಗ ನೋಡ್ರಿ. ಏಣಿ ಬಿದರಿಂದು ಇಲ್ಲಾ ಕಟ್ಟಿಗಿಂದು ಇರಲಿ.

ಮತ್ತ ಆ ಕಟ್ಟಿ. ಕಟ್ಟಿ ಹತ್ತಿ ನಿಂತ್ರ ಕೈಗೆ ಸಿಗತಾವು ಅಂದ್ರಿ. ಕಟ್ಟಿಯ ನೆತ್ತಿಗೇ ಇರೂ ಪಾಯಿಂಟ್‌ಗಳನ್ನ ವರಾಂಡದ ಒಳಗಡೆ ಎರಡು-ಮೂರು ಫೂಟು ಸರಿಸಾಕ ಬಂದ್ರ ಸರಿಸ್ರಿ. ಅದಕ್ಕ ಪಂಜರದಷ್ಟು ಖರ್ಚೂ ಇಲ್ಲ.

ವಿಜಯಪುರ (ಶಾಲಾ ಕಟ್ಟಡಗಳ ವಿದ್ಯುತ್ ಕೆಲಸ)

ಫೋಟೊಸೆಲ್ ಒಂದು ಸೇರಿಸಿಕೊಳ್ಳಿ, ಸಂಜೆ ತಾನೇ ಹೊತ್ತಿ ಬೆಳಗ್ಗೆ ಆರುತ್ತದೆ. ಉರಿಯುವ ಟ್ಯೂಬಿನ ಕೆಳಗೆ ನಿಂತು ಬಿಚ್ಚುವವನು ದಾರಿಗೆ ಕಾಣುತ್ತಾನೆ, ಆರಿದ್ದಕ್ಕೇ ಕೈ ಹಾಕುವುದು ಹೆಚ್ಚು. ಅದನ್ನು ನಿಮ್ಮ ಟ್ಯೂಬಿನ ಬೆಳಕು ಬೀಳದ ಕಡೆ ಕೂರಿಸಿ, ಇಲ್ಲದಿದ್ದರೆ ಹತ್ತಿ-ಆರಿ ಹತ್ತಿ-ಆರಿ ಮಾಡುತ್ತದೆ. ಎಲ್‌ಇಡಿ ಟ್ಯೂಬಿನ ಬೆನ್ನಿನ ಮೇಲೆ ಅಳಿಸದ ಬಣ್ಣದಲ್ಲಿ ಊರಿನ ಹೆಸರು, ‘ಸಮುದಾಯ ಭವನ’ ಎಂದು ದೊಡ್ಡದಾಗಿ ಬರೆಸಿದರೆ ಮಾರಲು ಒಯ್ಯುವವರು ಹಿಂಜರಿಯುತ್ತಾರೆ.

ಬಾದಾಮಿ (ಅಂಗಡಿ ಸಾಲಿನ ವಾಯರಿಂಗ್)

ತೆಗೆದ ಹಳೇ ಗಾಜಿನ ಟ್ಯೂಬ್ ಕಟ್ಟಿ ಬಗಲಿಗೆ ನಿಲ್ಲಿಸಬ್ಯಾಡ್ರಿ ಅಕ್ಕಾರ, ಹುಡುಗರು ಒಡೀತಾರ. ಅದರಾಗ ಪಾದರಸ ಇರತೈತಿ. ಒಡೆದಿದ್ರ ಕಸಬರಿಗಿಲೆ ಬಳಿಯಾಕ ಹೋಗಬ್ಯಾಡ್ರಿ, ಗಾಳಿ ಆಡಾಕ ಬಿಟ್ಟು ರಟ್ಟಿನ ತುಂಡಿಲೆ ಕೂಡಿಸಿ, ಹಸಿ ಅರಿವಿಲೆ ಒರಿಸಿ, ಎಲ್ಲಾ ಒಂದು ಮುಚ್ಚಳದ ಡಬ್ಬಿಗೆ ಹಾಕ್ರಿ. ಒಡೀದ ಇದ್ದದ್ದನ್ನ ಹೊಸ ಟ್ಯೂಬಿನ ಖಾಲಿ ರಟ್ಟಿನ ಕೊಳವ್ಯಾಗ ಹಾಕಿ ಇ-ತ್ಯಾಜ್ಯ ತಗೊಳ್ಳೂವರಿಗೆ ಕೊಡ್ರಿ.